ಬೆನ್ನಿನ ತುಂಡು ಕೇಳಿದ ಸ್ವೆಟರ್ ಅಕ್ಕ

ಎತ್ತರ ಐದಡಿಗೆ ಎರಡಂಗುಲ ಕಮ್ಮಿ. ತೂಕ, ಸ್ವೆಟರ್ ಸೇರಿಸಿ, ನಲವತ್ತೈದು ಕಿಲೊ. ವಯಸ್ಸು ಐವತ್ತರ ಆಚೆ, ನಡಿಗೆ ಚುರುಕು, ಹಲ್ಲು ಗಟ್ಟಿ, ಗುಣ ಸ್ವಲ್ಪ ಹಾಯುವಂಥದ್ದು. ಮೂವತ್ತು ವರ್ಷ ದನ ಅಳೆದ ಕಣ್ಣು ನನ್ನದು. ಇಲ್ಲಿ ನಮ್ಮ ಕೆಲಸ ಸಲೀಸಾಗಿ ಆಗುತ್ತದೆ ಎಂದುಕೊಂಡೆ. ಆವತ್ತು ಕಣ್ಣಿಗೆ ಪೊರೆ ಬಂದಿತ್ತೇನೋ.

ಅಕ್ಕನಿಗೆ ಮಾಂಸ ಪರೀಕ್ಷಿಸುವ ಲ್ಯಾಬಿನಲ್ಲಿ ಕೆಲಸ. ಹೆಪ್ಪುಗಟ್ಟಿಸಿದ ತುಂಡನ್ನು ಕೂದಲಿಗಿಂತ ತೆಳ್ಳಗೆ ಕೊಯ್ಯುವ ಯಂತ್ರದ ಮುಂದೆ ದಿನವಿಡೀ ಕೂರಬೇಕು. ಅದರೊಳಗಿನ ಚಳಿ ಮೊಣಕೈವರೆಗೂ ಹತ್ತುತ್ತದೆ. ಅದಕ್ಕೇ ಬೇಸಿಗೆಯಲ್ಲೂ ಸ್ವೆಟರ್, ಅದಕ್ಕೇ ಸ್ವೆಟರ್ ಅಕ್ಕ ಎಂಬ ಹೆಸರು. ಹೆಣೆಯುವವರು ಗಂಡ. ಬಸ್ ಡ್ರೈವರ್, ಎರಡು ಟ್ರಿಪ್ಪಿನ ನಡುವೆ ಸೀಟಿನಲ್ಲೇ ಕೂತು ಒಂದಿಷ್ಟು ಹೆಣೆಯುತ್ತಾರಂತೆ. ಎರಡೂ ತೋಳು ಒಂದೇ ಉದ್ದ ಇದ್ದದ್ದನ್ನು ನಾನಿನ್ನೂ ನೋಡಿಲ್ಲ.

ನಾನು ಹೋದದ್ದು ನಮ್ಮ ಮಂದೆಯ ವಿಚಾರಕ್ಕೆ. ಅಪ್ಪನ ಕಾಲದಿಂದ ಸಾಕಿದ ಗಿಡ್ಡ ಕಂದು ತಳಿ, ಅರವತ್ತು ದನ. ಅವನ್ನೆಲ್ಲ ಕೊಟ್ಟು ತನ್ನ ದಪ್ಪ ತೊಡೆಯ ತಳಿ ತೆಗೆದುಕೋ ಎಂದು ಒಬ್ಬ ದಲ್ಲಾಳಿ ಬೆನ್ನು ಬಿದ್ದಿದ್ದ. ನಮ್ಮ ತಳಿ ಬೇರೆಲ್ಲೂ ಉಳಿದಿಲ್ಲ; ಒಮ್ಮೆ ಕೈಬಿಟ್ಟರೆ ಮುಗಿಯಿತು. ಎರಡರ ಮಾಂಸವನ್ನೂ ಪರೀಕ್ಷೆಗೆ ಕೊಟ್ಟು, ವರದಿ ಹೇಳಿದಂತೆ ಮಾಡುವುದೆಂದು ತೀರ್ಮಾನಿಸಿದೆ.

ವಾರ ಬಿಟ್ಟು ಹೋದಾಗ ಅಕ್ಕ ಸೂಕ್ಷ್ಮದರ್ಶಕವನ್ನು ನನ್ನ ಕಡೆ ತಿರುಗಿಸಿದರು.

"ನೋಡಿ ಸಾಹುಕಾರ್ರೇ, ಇದು ದಲ್ಲಾಳೀದು. ತಿಳಿಯಾಗಿ ಕಾಣೋದು ಮಾಂಸದ ಬಿಳಿ ಎಳೆ. ಜೋರಾಗಿ ಓಡುತ್ತೆ, ಬೇಗ ಸುಸ್ತಾಗುತ್ತೆ. ಕಡು ಬಣ್ಣದ್ದು ಕೆಂಪು ಎಳೆ. ನಿಧಾನ, ಆದ್ರೆ ಇಡೀ ದಿನ ದುಡಿಯುತ್ತೆ. ನಿಮ್ದ್ರಲ್ಲಿ ಎಲ್ಲಿ ನೋಡಿದ್ರೂ ಕೆಂಪೇ. ನಡುವೆ ಕೊಬ್ಬೂ ಅಷ್ಟಕ್ಕಷ್ಟೆ, ಮೆತ್ತಗೆ ಬೇಯೋ ಮಾಂಸ ಅಲ್ಲ."

"ಹಾಗಾದ್ರೆ ನಮ್ದು ಸೋತ್ಹೋಯ್ತು ಅಂತ ಬರೆದುಕೊಡಿ ಅಕ್ಕ. ದಲ್ಲಾಳಿ ಹೊರಗೆ ಜೀಪಲ್ಲಿ ಕಾಯ್ತಿದಾನೆ."

"ಕಾಯ್ಲಿ ಬಿಡಿ. ನಿಮ್ಮ ತುಂಡು ದನದ ಯಾವ ಭಾಗ?"

"ಬೆನ್ನಿಂದು. ನೀವು ಕೇಳಿದ್ದೇ ಅದಲ್ವಾ?"

"ಬೆನ್ನಲ್ಲಿ ಇಷ್ಟೊಂದು ಕೆಂಪು ಎಳೆ ಇಪ್ಪತ್ತಾರು ವರ್ಷದಲ್ಲಿ ನಾನು ನೋಡಿಲ್ಲ. ಇದು ದಿನಾ ಮೈ ಹೊತ್ತು ನಿಲ್ಲೋ ಭಾಗ. ಭುಜ. ನಿಜ ಹೇಳಿ, ಬೆನ್ನಿನ ತುಂಡು ಎಲ್ಲಿ?"

ನಾನು ಗೋಡೆಯ ಗಡಿಯಾರ ನೋಡಿದೆ. ಬೆನ್ನಿನ ತುಂಡು ಹೋಟೆಲಿನವರ ಪಾಲಾಗಿತ್ತು. ಅಂಥ ಮಾಲನ್ನು ಚೂರು ಮಾಡಿ ಗಾಜಿಗೆ ಮೆತ್ತುವವರಿಗೆ ಕೊಡಲು ಯಾವ ವ್ಯಾಪಾರಿಗೆ ಮನಸ್ಸು ಬರುತ್ತದೆ? ಭುಜದ ತುಂಡಿಗೆ 'ಬೆನ್ನು' ಎಂದು ಚೀಟಿ ಅಂಟಿಸಿ ಕಳಿಸಿದ್ದೆ. ದಲ್ಲಾಳಿ ಮಾತ್ರ ತನ್ನ ತಳಿಯ ಬೆನ್ನನ್ನೇ ಕೊಟ್ಟಿದ್ದ.

"ಮಾರಿಬಿಟ್ಟೆ," ಎಂದೆ.

"ಒಬ್ರ ಕೈನ ಇನ್ನೊಬ್ರ ಕಾಲಿಗೆ ಹಿಡಿದು ಯಾರು ಉದ್ದ ಅಂತ ಕೇಳ್ತೀರಲ್ಲ! ನಾನು ಸಹಿ ಹಾಕಲ್ಲ."

"ಅಕ್ಕಾ, ಇವತ್ತು ಬಿಟ್ರೆ ಅವ್ನು ಬೇರೆಯವ್ರಿಗೆ ಕೊಡ್ತಾನೆ."

"ಕೊಡ್ಲಿ. ನಿಮ್ಮಪ್ಪನ ದನವುಂಟು, ನೀವುಂಟು. ಆದ್ರೆ ನನ್ನ ಸಹಿ ತೋರಿಸಿ ಮಾರೋ ಹಾಗಿಲ್ಲ."

ಜೀಪಿನವನಿಗೆ ಏನೋ ಸಬೂಬು ಹೇಳಿ ಸಾಗಹಾಕಿದೆ. ಮುಂದಿನ ವಾರ ಹೊಟ್ಟೆ ಉರಿದುಕೊಂಡೇ ಬೆನ್ನಿನ ತುಂಡು ತಂದೆ. ಅಕ್ಕ ಕೊಯ್ದರು, ಪದರವನ್ನು ಕುಂಚದ ತುದಿಯಿಂದ ಮಡಿಕೆ ಬೀಳದಂತೆ ಬಿಡಿಸಿದರು, ಬಣ್ಣ ಹಾಕಿ ಎಣಿಸಿದರು. ನಮ್ಮ ಗಿಡ್ಡ ತಳಿಯ ಎಳೆ ಸಣ್ಣ, ನಡುನಡುವೆ ಕೊಬ್ಬಿನ ಗೆರೆ ದಲ್ಲಾಳಿಯದರ ಎರಡರಷ್ಟು. ಅವನ ತಳಿಯಲ್ಲಿ ಇದ್ದದ್ದು ಬರೀ ಗಾತ್ರ. ಹೋಟೆಲಿನವರು ನಮ್ಮ ಬಾಗಿಲಿಗೇ ಯಾಕೆ ಬರುತ್ತಾರೆಂದು ಆವತ್ತು ನನಗೆ ತಿಳಿಯಿತು.

ಸಹಿ ಹಾಕುವಾಗ ಸ್ವೆಟರಿನ ಬಲತೋಳು ಬೆರಳಿನ ತನಕ ಇಳಿದು ಪೆನ್ನನ್ನೇ ಮುಚ್ಚಿತು.

"ನಗ್ಬೇಡಿ," ಎಂದರು ಅಕ್ಕ. "ಇದು ಬಸ್ಸು ಕೆಟ್ಟು ನಿಂತ ದಿನ ಹೆಣೆದ ತೋಳು."

ಅರವತ್ತು ದನ ಈಗ ಎಪ್ಪತ್ತೆರಡಾಗಿವೆ. ಅವು ನನ್ನ ಬಳಿ ಉಳಿದಿರುವುದಕ್ಕೆ ನಾನು ಆ ಅಕ್ಕನಿಗೆ ಋಣಿ.