ಬರ್ಲ್ಯಾಪ್ ಎಂಬ ಗೋಣಿ ತಟ್ಟು

ನಿಶ್ಚಿತಾರ್ಥದ ಹಾಲ್‌ಗೆ ಗೋಣಿ ತಟ್ಟು ಕಟ್ಟಿಸಿದವರನ್ನು ನೀವು ಎಲ್ಲಾದರೂ ನೋಡಿದ್ದೀರಾ? ನಾನು ಕಳೆದ ಭಾನುವಾರ ಬಸವಕಲ್ಯಾಣದಲ್ಲಿ ನೋಡಿದೆ. ಕಟ್ಟಿಸಿದವಳು ಬೇರೆ ಯಾರೂ ಅಲ್ಲ, ನನ್ನ ಅಕ್ಕನ ಮಗಳು ಅಶ್ವಿನಿ. ಮದುಮಗಳೂ ಅವಳೇ!

ಮೊಬೈಲ್‌ನಲ್ಲಿ ಅದರ ಹೆಸರು 'ಬರ್ಲ್ಯಾಪ್ ಥೀಮ್'. ಫೋಟೋದಲ್ಲಿ ಬಲು ಚೆಂದ. ಆರ್ಡರ್ ಕೊಟ್ಟೇಬಿಟ್ಟಳು. ಅದು ವೇದಿಕೆ ತುಂಬ ಇಳಿಬಿದ್ದಾಗ ಅಕ್ಕ ಎದೆ ಹಿಡಿದುಕೊಂಡು ಕುರ್ಚಿಗೆ ಕುಸಿದಳು.

"ಅಯ್ಯ ನನ್ನ ಶಿವನೇ! ಇದು ಗೋಣಿ ತಟ್ಟಲ್ಲೇನ? ಬೀಗರು ಏನ ತಿಳ್ಕೋತಾರ?"

ಅಕ್ಕನ ಗಾಬರಿಗೆ ಕಾರಣವಿತ್ತು. ಹುಡುಗನ ಅಪ್ಪ ಭೀಮಣ್ಣ ಹುಮನಾಬಾದಿನ ಧಾನ್ಯ ಮಾರುಕಟ್ಟೆಯಲ್ಲಿ ಹಮಾಲಿ. ಚೀಲ ಹೊತ್ತು ಹೊತ್ತು ಮಗನನ್ನು ಓದಿಸಿದ ಮನುಷ್ಯ. ಅವರ ಎದುರಿಗೇ ಗೋಣಿ ತೂಗುಹಾಕಿದರೆ ಅವರ ಕಸುಬನ್ನು ಹಂಗಿಸಿದ ಹಾಗಲ್ಲವೇ?

"ಬಿಚ್ಚಸು, ಮೊದಲ ಬಿಚ್ಚಸು!" ಅಕ್ಕ ಕೂಗಿದಳು. ಅಶ್ವಿನಿಯ ಕಣ್ಣಲ್ಲಿ ನೀರು. ಯಾರನ್ನೂ ಹಂಗಿಸುವ ಹುಡುಗಿಯಲ್ಲ ಅದು, ಪಾಪ.

ಇಂಥ ಹೊತ್ತಿನಲ್ಲಿ ಬಾಯಿ ಮುಚ್ಚಿಕೊಂಡಿರುವುದು ಜಾಣತನ. (ನನಗೆ ಅದೊಂದು ಬರುವುದಿಲ್ಲ.) ಬರ್ಲ್ಯಾಪ್ ಶಬ್ದ ಎಲ್ಲಿಂದ ಬಂತೋ ಡಿಕ್ಷನರಿಗೂ ಖಾತ್ರಿಯಿಲ್ಲ, ಆದರೆ ಇದೇ ಬಟ್ಟೆಗೆ ಇಂಗ್ಲಿಷ್‌ನಲ್ಲಿ 'ಗನ್ನಿ' ಅಂತಲೂ ಅಂತಾರೆ, ಅದು ನಮ್ಮ ಗೋಣಿಯೇ, ಜೂಟ್ ಬಂಗಾಳದ್ದು, ಕಾಟನ್ ಅರಬ್ಬಿಯದು, ಖಾಕಿ ಎಂದರೆ ಫಾರ್ಸಿಯಲ್ಲಿ ಮಣ್ಣಿನ ಬಣ್ಣ ಎಂದು ಶುರುಮಾಡಿದೆ.

"ತಮ್ಮಾ, ನಿನ್ನ ಪುರಾಣ ಸಾಕು. ಆ ಕಡೀ ಹಗ್ಗ ಬಿಚ್ಚು."

ಒಂದು ಹಗ್ಗ ಬಿಚ್ಚಿದ್ದೆ ಅಷ್ಟೇ, ಬೀಗರ ಕ್ರೂಸರ್ ಗಾಡಿ ಬಂದು ನಿಂತಿತು.

ಭೀಮಣ್ಣ ಒಳಗೆ ಬಂದರು. ವೇದಿಕೆ ನೋಡಿದರು. ಅವರು ಸೀದಾ ಹೋಗಿ ತಟ್ಟನ್ನು ಬೆರಳಲ್ಲಿ ತಿಕ್ಕಿ ನೋಡಿದರು.

"ಹೊಸಾ ಮಾಲ ಅದ. ಯಾರು ಕಟ್ಟಸ್ಯಾರ್ರಿ?"

ಅಶ್ವಿನಿ ಮುಂದೆ ಬಂದಳು. "ನಾನೇರಿ, ಮಾವ. ನನಗ ಚೆಂದ ಕಂಡ್ತು. ನಿಮಗ ಬ್ಯಾಸರ ಆಗಿದ್ರ..."

"ಚೆಂದ ಕಂಡ್ತಾ?" ಅವರು ತಟ್ಟಿನ ಅಂಚನ್ನು ಇನ್ನೊಮ್ಮೆ ಸವರಿದರು. "ನಮ್ಮ ಮಂದಿ ಇದನ್ನ ಬಾಗಲದಾಗ ಕಾಲ ಒರಸಾಕ ಹಾಕ್ತಾರವ್ವ."

ನನ್ನ ಬಾಯಿ ಸುಮ್ಮನಿರಬೇಕಲ್ಲ! "ಬೀಗರ, ಇಂಗ್ಲಿಷ್‌ದವರೂ ಇದಕ್ಕ ಗನ್ನಿ ಅಂತಾರ್ರಿ. ನಮ್ಮ ಗೋಣಿ ಅನ್ನೋ ಶಬ್ದಾನ ಅದು. ಇಲ್ಲಿಂದ ಒಯ್ದಾರ."

ಭೀಮಣ್ಣ ನನ್ನ ಮುಖವನ್ನೇ ನೋಡಿದರು. ಆಮೇಲೆ ಹಾಲ್ ತುಂಬ ಕೇಳುವಂತೆ ನಕ್ಕು, ನಾನು ಬಿಚ್ಚಿದ್ದ ಹಗ್ಗವನ್ನು ತಾವೇ ಬಿಗಿದು ಕಟ್ಟಿದರು.

"ಇಷ್ಟ ವರ್ಷ ಬೆನ್ನ ಮ್ಯಾಲ ಇಂಗ್ಲಿಷ್ ಹೊತ್ತೀನಿ, ಒಬ್ರರ ಹೇಳಬಾರದಿತ್ತೇನ್ರಿ?"