ಎರಡೂ ಬಲಗೈಯವೇ

ಹೈನರ್ ಅಂಗಡಿಯ ಕೈಗವಸಿನ ಗೋಡೆಯ ಮುಂದೆ ನಿಂತು ಕ್ವಿನ್ ಹೊಕನ್ಸನ್ ನಾಲ್ಕು ಚಳಿಗಾಲಗಳಿಂದ ಸುಳ್ಳು ಹೇಳುತ್ತಿದ್ದ. ಅದು ಸುಳ್ಳು ಎಂಬುದು ಅವನಿಗೇ ಗೊತ್ತಿರಲಿಲ್ಲ, ಅಷ್ಟೆ. "ಇದನ್ನ ಹಾಕ್ಕೊಂಡ್ರೆ ಕೈ ಒಲೆಯೊಳಗಿಟ್ಟಂಗಿರುತ್ತೆ ಸಾರ್. ನೀರು? ಹತ್ರಕ್ಕೂ ಬರಲ್ಲ" ಎಂದು ಅವನು ಹೇಳುವ ಧಾಟಿಗೆ, ಬೆಟ್ಟದ ಮೇಲೆ ಅರ್ಧ ಆಯಸ್ಸು ಕಳೆದವರೂ ತಲೆದೂಗಿ ಕೊಂಡು ಹೋಗುತ್ತಿದ್ದರು. ಅವನು ಮಾತ್ರ ಯಂತ್ರ ಓಡಿಸಿ ಸಪಾಟು ಮಾಡಿದ ದಾರಿ ಬಿಟ್ಟು ಒಂದು ಮಾರು ಆಚೆಗೆ ಸ್ನೋಮೊಬೈಲ್, ಅಂದರೆ ಹಿಮದ ಮೇಲೆ ಓಡುವ ಗಾಡಿ, ಓಡಿಸಿದವನಲ್ಲ. ವಯೋಮಿಂಗ್‌ನ ನಮ್ಮ ಕಣಿವೆಯಲ್ಲಿ ಹುಟ್ಟಿ, ಇಪ್ಪತ್ತಾರು ತುಂಬಿ, ಆಳ ಹಿಮಕ್ಕೆ ಗಾಡಿ ಇಳಿಸಿಲ್ಲ ಎಂದರೆ ಮೀನುಗಾರರ ಮನೆಯಲ್ಲಿ ಹುಟ್ಟಿ ಈಜು ಬಾರದ ಹಾಗೆ. ಆದ್ದರಿಂದ ಅವನು ಹೇಳುತ್ತಲೂ ಇರಲಿಲ್ಲ.

ಕಳೆದ ಡಿಸೆಂಬರಿನಲ್ಲಿ ಲಾಮರ್ ಮೇಷ್ಟ್ರು ಅಂಗಡಿಗೆ ಬಂದರು. ಕ್ವಿನ್‌ಗೆ ಏಳನೇ ಕ್ಲಾಸಿನಲ್ಲಿ ಲೆಕ್ಕ ಹೇಳಿಕೊಟ್ಟವರು. ಬಲಗೈಯ ಎರಡು ಬೆರಳಿಗೆ ಬಟ್ಟೆ ಸುತ್ತಿತ್ತು.

"ಏನಾಯ್ತು ಮೇಷ್ಟ್ರೇ?"

"ಹಿಮ ಕಚ್ತು. ಉಗುರು ಎರಡೂ ಹೋದವು. ನೀನು ಕೊಟ್ಟ ಕೈಗವಸು ಬೆಚ್ಚಗೇ ಇತ್ತು ಕಣಪ್ಪ, ಅದರ ಮೇಲೆ ದೂರಿಲ್ಲ" ಎಂದು ನಗುತ್ತಾ ಅವರು ಎಂಜಿನ್ ಆಯಿಲ್ ತೆಗೆದುಕೊಂಡು ಹೋದರು.

ಕೈಗವಸು ಬೆಚ್ಚಗಿದ್ದರೆ ಬೆರಳು ಹೆಪ್ಪುಗಟ್ಟಿದ್ದು ಹೇಗೆ? ಕೇಳಬೇಕಿತ್ತು. ಕೇಳಲು ಮುಖವಿರಲಿಲ್ಲ. ಆವತ್ತಿನಿಂದ ಗಿರಾಕಿಗಳು "ಯಾವುದು ಒಳ್ಳೇದು?" ಎಂದರೆ ಕ್ವಿನ್ ಬೆಲೆಯ ಚೀಟಿ ಓದಿ ಹೇಳತೊಡಗಿದ. ಅದೇ ತಿಂಗಳು ಅವನು, ಬೆಟ್ಟದಲ್ಲಿ ಕಾಣೆಯಾದವರನ್ನು ಹುಡುಕುವ ಕಣಿವೆಯ ಸ್ವಯಂಸೇವಕ ತಂಡಕ್ಕೆ ಹೆಸರು ಕೊಟ್ಟ. ಒಳ್ಳೆಯ ಕೆಲಸ ಮಾಡಬೇಕೆಂಬ ಆಸೆ ಸ್ವಲ್ಪ ಇತ್ತು. ತಾನು ಮಾರುವುದು ಏನನ್ನು ಎಂದು ತಿಳಿಯಬೇಕೆಂಬ ಹಟ ಅದಕ್ಕಿಂತ ಹೆಚ್ಚು.

ತಂಡದ ಯಜಮಾನಿ ಆರ್ವಿಲ್ಲಾ, ಕ್ವಿನ್‌ನ ಸೋದರತ್ತೆ. ಮೂವತ್ತು ವರ್ಷ ಶಾಲೆಯ ಬಸ್ಸು ಓಡಿಸಿದವಳು. ಹಿಂದಿನ ಸೀಟಿನಲ್ಲಿ ಯಾರು ಚೂಯಿಂಗ್ ಗಮ್ ಅಂಟಿಸಿದರೆಂದು ಕನ್ನಡಿ ನೋಡದೆ ಹೇಳುತ್ತಿದ್ದಳು. ಸೋದರಳಿಯ ಎಂದು ರಿಯಾಯಿತಿ ಕೊಡುವ ಪೈಕಿಯಲ್ಲ.

"ಫೆಬ್ರವರಿ ಎರಡನೇ ಶನಿವಾರ ಪರೀಕ್ಷೆ" ಎಂದಳು. "ಗೋಣಿಚೀಲದೊಳಗೆ ಸಿಗ್ನಲ್ ಬಿಡೋ ಬೀಕನ್ ಇಟ್ಟು ಹಿಮದಲ್ಲಿ ಹೂತಿರ್ತೀನಿ. ನಿನ್ನ ಎದೆಗೆ ಕಟ್ಟಿರೋ ಬೀಕನ್ ಅದರ ಸದ್ದು ಹಿಡಿಯುತ್ತೆ. ಹುಡುಕಬೇಕು, ಸಲಾಕೆ ಜೋಡಿಸಿ ಚುಚ್ಚಬೇಕು, ಅಗೆದು ತೆಗೀಬೇಕು, ಚೀಲದ ಬಾಯಿಯ ಗಂಟು ಬಿಚ್ಚಬೇಕು. ಹನ್ನೆರಡು ನಿಮಿಷ. ಕೊನೇಲಿ ಎರಡು ಕೈಗವಸು ನನಗೆ ತೋರಿಸ್ಬೇಕು."

"ಕೈಗವಸು ಯಾಕತ್ತೆ?"

"ಬಿಚ್ಚಿ ಎಸೆದು ಬೇಗ ಬೇಗ ಮುಗಿಸ್ತಾರೆ ಕಣೋ ನಿನ್ನಂಥ ಜಾಣರು. ಆಮೇಲೆ ಕೈ ಹೆಪ್ಪುಗಟ್ಟಿ ಕೂರ್ತಾರೆ. ಹುಡುಕೋಕೆ ಹೋದೋರನ್ನ ಹುಡುಕೋಕೆ ಮತ್ತೆ ನಾನು ಹೋಗ್ಬೇಕಾ? ಇನ್ನೊಬ್ಬರ ಹತ್ರ ಈಸ್ಕೊಂಡು ಹಾಕೋ ಹಾಗೂ ಇಲ್ಲ. ತಪ್ಪಿದ್ರೆ ಮುಂದಿನ ವರ್ಷ."

ಕೈಗವಸು ಮಾರುವವನು ಕೈಗವಸಿನಲ್ಲೇ ಫೇಲಾದರೆ ಊರಲ್ಲಿ ತಲೆಯೆತ್ತಿ ಓಡಾಡುವ ಹಾಗಿರಲಿಲ್ಲ. ಅವನು ಕಂಡಕಂಡವರನ್ನು ಕೇಳಿದ. ಕೇಳಿದಷ್ಟೂ ಕೆಟ್ಟಿತು.

ಅಂಗಡಿಯ ಮಾಲೀಕ ರೂಲನ್ ಹೈನರ್, "ದಪ್ಪದ್ದೇ ತಗೋ. ಮೊಣಕೈವರೆಗೂ ಬರೋದು. ಅಂಗಿ ತೋಳಿನ ಮೇಲೆ ಎಳ್ಕೋ, ಹಿಮ ಒಳಗೆ ಹೋಗಲ್ಲ" ಎಂದ.

ಅಂಗಡಿಯಲ್ಲಿ ಗಾಡಿ ರಿಪೇರಿ ಮಾಡುವ, ತಂಡದಲ್ಲೂ ಇದ್ದ ಡೆಸ್ಸಾ ಪಾನಾ ಕೆಳಗಿಟ್ಟು ನಕ್ಕಳು. "ದಪ್ಪದ್ದು ಹಾಕ್ಕೊಂಡ್ರೆ ಹ್ಯಾಂಡಲ್‌ನೊಳಗಿನ ಹೀಟರ್ ಬಿಸಿ ನಿನ್ ಕೈಗೆ ಹೆಂಗೋ ಬರುತ್ತೆ? ತೆಳ್ಳಗಿನ ಚರ್ಮದ್ದು ತಗೊಂಡು ಜೇನುಮೇಣ ತಿಕ್ಕು. ತುದಿಯನ್ನ ತೋಳಿನ ಒಳಗೆ ತೂರಿಸು."

"ಬಾಸ್ ಹೊರಗೆ ಅಂದ್ರು."

"ಬಾಸು ಗಾಡಿ ಹತ್ತಿ ಆರು ವರ್ಷ ಆಯ್ತು. ಬೇಡ ಅಂದ್ರೆ ಬೆರಳಿಲ್ಲದ ಚೀಲದ ಥರದ್ದು ಹಾಕ್ಕೋ. ಬೆರಳೆಲ್ಲ ಒಂದೇ ಮನೇಲಿದ್ರೆ ಬೆಚ್ಚಗಿರುತ್ತವೆ."

"ಬ್ರೇಕ್ ಯಾರು ಹಿಡೀತಾರೆ?"

"ಅದಕ್ಕೇ ಬೇಡ ಅಂದಿದ್ದು."

"ನೀನೇ ತಾನೇ ಹಾಕ್ಕೋ ಅಂದದ್ದು?"

"ಹಾಕ್ಕೋ ಅಂದೆ, ಒಳ್ಳೇದು ಅಂದ್ನಾ?"

ಅತ್ತೆಯಂತೂ ಹಾಲಿನ ಕೊಟ್ಟಿಗೆ ತೊಳೆಯುವವರ ರಬ್ಬರ್ ಕೈಗವಸಿನೊಳಗೆ ಉಣ್ಣೆಯದೊಂದು ತುರುಕಿಕೊಂಡು ಇಡೀ ಬೆಟ್ಟ ಸುತ್ತುತ್ತಿದ್ದಳು. ಅದನ್ನು ಕ್ವಿನ್ ಬಡತನ ಎಂದುಕೊಂಡಿದ್ದ.

ಕೊನೆಗೆ ಅವನು ವಿಜ್ಞಾನಿಯಾದ. ಅಂಗಡಿಯಿಂದ ಐದು ಜೊತೆ ಮನೆಗೆ ತಂದು, ಒಂದೊಂದನ್ನೇ ಬಕೆಟ್ಟಿನಲ್ಲಿ ಅದ್ದಿ, ಹಾಕಿಕೊಂಡು, ಜಿಂಕೆ ಮಾಂಸ ತುಂಬಿದ ಡೀಪ್ ಫ್ರೀಜರಿನಲ್ಲಿ ಕೈಯಿಟ್ಟು ಗಡಿಯಾರ ನೋಡುತ್ತಾ ಕೂತ. ಅಮ್ಮ ಬಟ್ಟೆ ಒಗೆಯಲು ಬಂದವಳು ಬಾಗಿಲಲ್ಲೇ ನಿಂತಳು.

"ಏನೋ ಅದು?"

"ಪರೀಕ್ಷೆಗೆ ಓದ್ತಿದ್ದೀನಮ್ಮ."

"ಮಾಂಸ ಕರಗಿದ್ರೆ ನಿನ್ನೇ ಅದರೊಳಗೆ ಹಾಕಿ ಮುಚ್ತೀನಿ. ಮುಚ್ಚಳ ಹಾಕು ಮೊದಲು."

ಫ್ರೀಜರಿನಲ್ಲಿ ದಪ್ಪದ್ದು ಗೆದ್ದಿತು. ಚರ್ಮದ್ದು ಎರಡನೆಯದು. ಎರಡನ್ನೂ ಒಯ್ಯುವುದೆಂದು ತೀರ್ಮಾನಿಸಿ ಕ್ವಿನ್ ನೆಮ್ಮದಿಯಿಂದ ಮಲಗಿದ. ಫ್ರೀಜರಿನಲ್ಲಿ ಅವನು ಸುಮ್ಮನೆ ಕೂತಿದ್ದ, ಬೆಟ್ಟದಲ್ಲಿ ಯಾರೂ ಸುಮ್ಮನೆ ಕೂರುವುದಿಲ್ಲ ಎಂಬುದು ಹೊಳೆಯಲಿಲ್ಲ.

ಶನಿವಾರ ಬೆಳಿಗ್ಗೆ ಮೊದಲು ಎಲ್ಲರೂ ಗಾಡಿಯಲ್ಲಿ ಬೆಟ್ಟ ಹತ್ತಿ ಇಳಿಯಬೇಕಿತ್ತು. ಪರೀಕ್ಷೆ ಊಟವಾದ ಮೇಲೆ, ಗಾಡಿ ಇಳಿಸುವ ಬಯಲಿನ ಪಕ್ಕದ ಹುಲ್ಲುಗಾವಲಿನಲ್ಲಿ. ಕ್ವಿನ್ ದಪ್ಪದ್ದನ್ನು ಹಾಕಿಕೊಂಡ. ಚರ್ಮದ್ದು ಮಧ್ಯಾಹ್ನಕ್ಕೆ ಬೆಚ್ಚಗಿರಲಿ ಎಂದು ಸೈಲೆನ್ಸರ್ ಮೇಲಿನ ತಗಡಿನ ಡಬ್ಬಿಯೊಳಗಿಟ್ಟ. ನಮ್ಮಲ್ಲಿ ಎಲ್ಲರೂ ಆ ಡಬ್ಬಿಯಲ್ಲಿ ಮಧ್ಯಾಹ್ನದ ಊಟ ಬಿಸಿಯಿಡುತ್ತಾರೆ. ಊಟಕ್ಕೆ ಒಳ್ಳೆಯದಾದದ್ದು ಕೈಗವಸಿಗೂ ಒಳ್ಳೆಯದೇ ಇರಬೇಕು ಎಂಬುದು ಅವನ ತರ್ಕ.

ದಾರಿ ಮುಗಿದು ಆಳದ ಹಿಮ ಶುರುವಾದ ಕೂಡಲೇ ಗಾಡಿ ಅವನ ಮಾತು ಕೇಳುವುದನ್ನು ಬಿಟ್ಟಿತು. ಹೆಬ್ಬೆರಳಿನ ಕೆಳಗೆ ಆಕ್ಸಿಲರೇಟರ್ ಇದೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ. ಇದೆ ಎಂದು ತಿಳಿಯುವಷ್ಟರಲ್ಲಿ ಗಾಡಿ ಫರ್ ಮರದ ಬುಡಕ್ಕೆ ನುಗ್ಗಿರುತ್ತಿತ್ತು. ಎಳೆಯಬೇಕು, ಅಗೆಯಬೇಕು, ಮತ್ತೆ ಹತ್ತಬೇಕು. ಅರ್ಧ ಗಂಟೆಯಲ್ಲಿ ಅವನ ಕೈ ಬೆವತು ನೀರಾಯಿತು. ಹೊರಗಿನ ನೀರು ನಿಜಕ್ಕೂ ಹತ್ತಿರ ಬರಲಿಲ್ಲ. ಒಳಗಿನ ನೀರಿಗೆ ಹೊರಹೋಗುವ ದಾರಿಯೇ ಇರಲಿಲ್ಲ. ನಾಲ್ಕು ವರ್ಷ ಮಾರಿದರೂ ನೀರು ಎರಡು ಕಡೆಯಿಂದ ಬರಬಹುದೆಂದು ಅವನು ಯೋಚಿಸಿರಲಿಲ್ಲ.

"ಎಷ್ಟು ಮರ ಆಯ್ತೋ?" ಎಂದು ಪಕ್ಕದಲ್ಲಿ ಹಾದ ಡೆಸ್ಸಾ ಕೂಗಿದಳು.

"ಮಾತಾಡಿಸ್ಕೊಂಡು ಬರ್ತಿದ್ದೀನಿ!"

ಇಳಿದು ಬಂದಾಗ ದಪ್ಪ ಕೈಗವಸುಗಳನ್ನು ಕಳಚಿ ಸೀಟಿನ ಮೇಲಿಟ್ಟ. ಹತ್ತು ನಿಮಿಷದಲ್ಲಿ ಬೆವರು ಹೆಪ್ಪುಗಟ್ಟಿ ಅವು ಹಲಗೆಯಾದವು. ತೊಂದರೆಯಿಲ್ಲ, ಚರ್ಮದ್ದಿದೆ ಎಂದು ಡಬ್ಬಿ ತೆರೆದ. ತಿಕ್ಕಿದ್ದ ಜೇನುಮೇಣ ಕರಗಿ ಊಟಕ್ಕಿಟ್ಟಿದ್ದ ಸಾಸೇಜಿಗೆ ಅಂಟಿತ್ತು. ಕೈಗವಸುಗಳು ಮುರುಟಿ, ಕಪ್ಪಾಗಿ, ಆರು ವರ್ಷದ ಮಗುವಿನ ಅಳತೆಗೆ ಬಂದಿದ್ದವು.

ಡೆಸ್ಸಾ ಇಣುಕಿದಳು. "ಬೆಂದಿದೆಯಾ, ಇನ್ನೊಂಚೂರು ಬೇಕಾ?"

"ಸುಮ್ನಿರೇ."

"ನಂದು ಕೊಡ್ತಿದ್ದೆ. ನಿಮ್ಮತ್ತೆ ನೋಡ್ತಿದ್ದಾರೆ."

ಅತ್ತೆ ನೋಡುತ್ತಿದ್ದಳು. ಗಡಿಯಾರವನ್ನು. "ಕ್ವಿನ್, ಇನ್ನು ಕಾಲು ಗಂಟೆಗೆ ನಿನ್ನ ಸರದಿ."

ಬರಿಗೈಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಅವನು ಬಯಲಿನ ಅಂಚಿನವರೆಗೆ ನಡೆದ. ಅಲ್ಲಿ ದನದ ಬೇಲಿ. ಬಿದ್ದ ಕೈಗವಸು ಸಿಕ್ಕಿದವರು ಅದನ್ನು ಬೇಲಿಯ ಗೂಟಕ್ಕೆ ಸಿಕ್ಕಿಸಿ ಹೋಗುವುದು ನಮ್ಮ ಕಡೆಯ ರೂಢಿ. ಕಳೆದುಕೊಂಡವರು ಬಂದು ತೆಗೆದುಕೊಳ್ಳಲಿ ಎಂದು. ಯಾರೂ ಬರುವುದಿಲ್ಲ. ಗೂಟಕ್ಕೊಂದರಂತೆ ಇಪ್ಪತ್ತು ಮೂವತ್ತು ಒಂಟಿ ಕೈಗಳು ಆಕಾಶಕ್ಕೆ ಬೆರಳು ಎತ್ತಿ ನಿಂತಿದ್ದವು. ಕ್ವಿನ್ ಸಾವಿರ ಸಲ ನೋಡಿದ್ದ. ಇವತ್ತು ಒಂದೊಂದನ್ನೇ ನೋಡಿದ.

ಮುಕ್ಕಾಲು ಪಾಲು ಅವನೇ ಮಾರಿದವು. ಕೆಂಪು ಗೆರೆಯದು, ಮೊಣಕೈವರೆಗಿನದು, ಒಲೆಯೊಳಗಿಟ್ಟಂತೆ ಇರುವುದು. ಆಮೇಲೆ ಇನ್ನೊಂದು ಕಂಡಿತು: ಎಲ್ಲವೂ ಬಲಗೈಯವು. ಎಡಗೈಯದು ಒಂದೂ ಇರಲಿಲ್ಲ.

ಜಿಪ್ ಎಳೆಯಲು, ಬೀಕನ್ನಿನ ಗುಂಡಿ ಒತ್ತಲು, ಗಂಟು ಬಿಚ್ಚಲು ಜನ ಬಲಗೈಯದನ್ನು ಕಳಚುತ್ತಾರೆ. ಕಳಚಿದ್ದು ಬೀಳುತ್ತದೆ. ಲಾಮರ್ ಮೇಷ್ಟ್ರ ಬಲಗೈ. ಬೆಚ್ಚಗಿದ್ದ ಕೈಗವಸು, ಬೆಚ್ಚಗೆ, ಎಲ್ಲೋ ಹಿಮದಲ್ಲಿ ಬಿದ್ದಿತ್ತು.

ಹಾಗಾದರೆ ಕಳಚಬೇಕಾಗಿಯೇ ಬರದ ಕೈಗವಸು ಒಳ್ಳೆಯದು. ಹುಡುಕಿದ. ಅತ್ತೆಯಂಥವರು ಹಾಕುವ ರಬ್ಬರಿನದು ಬೇಲಿಯಲ್ಲಿ ಎರಡೇ ಇದ್ದವು. ಅದನ್ನು ಯಾರೂ ಕಳಚುವುದಿಲ್ಲವೋ, ಅಥವಾ ಅಗ್ಗದ್ದೆಂದು ಬಿದ್ದರೂ ಯಾರೂ ಎತ್ತಿ ಸಿಕ್ಕಿಸುವುದಿಲ್ಲವೋ? ಸತ್ಯ ಕೈಗೆ ಸಿಕ್ಕಿತೆನ್ನುವಷ್ಟರಲ್ಲಿ ಮತ್ತೆ ಜಾರಿತು.

ಯೋಚಿಸಲು ಹೊತ್ತಿರಲಿಲ್ಲ. ಆ ಎರಡನ್ನೂ ಕೊಡವಿ ಹಾಕಿಕೊಂಡ. ಎಡಗೈಗೆ ಬಲಗೈಯದನ್ನು ತಿರುಗುಮುರುಗಾಗಿ ಏರಿಸಿದ್ದರಿಂದ, ಅಂಗೈ ಇರಬೇಕಾದ ಕಡೆ ಹಿಂಗೈ ಬಂತು. ಸ್ವಂತ ಕೈಯೇ ಯಾರದ್ದೋ ಅನ್ನಿಸಿತು.

"ಶುರು" ಎಂದಳು ಅತ್ತೆ.

ಬೀಕನ್ನಿನ ಗುಂಡಿ ಒತ್ತಲು ಸಿಕ್ಕಿತು. ಸದ್ದು ಹಿಡಿದು ಓಡಿದ, ಸೊಂಟದವರೆಗೆ ಹೂತ, ಎದ್ದ. ಸಲಾಕೆಯ ತುಂಡುಗಳನ್ನು ಜೋಡಿಸುವಾಗ ಎಡಗೈ ಎರಡು ಸಲ ಕೈಕೊಟ್ಟಿತು. ಚುಚ್ಚಿದ, ನೆಲ. ಮತ್ತೆ ಚುಚ್ಚಿದ, ನೆಲ. ಐದನೆಯ ಸಲ ಮೆತ್ತಗೆ ತಾಗಿತು. ಅಗೆದ. ಗೋಣಿ ಮೇಲೆ ಬಂತು. ಗಂಟು ಮಾತ್ರ ಕಲ್ಲಾಗಿತ್ತು. ಬಲಗೈಯದನ್ನು ಕಳಚಿಬಿಡು ಎಂದು ಬೆರಳುಗಳೇ ಕೂಗಿದವು. ಕ್ವಿನ್ ಬೇಲಿಯತ್ತ ನೋಡಿದ. ಆಮೇಲೆ ಬಗ್ಗಿ ಗಂಟಿಗೆ ಹಲ್ಲು ಹಾಕಿದ.

"ಹನ್ನೊಂದು ನಿಮಿಷ, ಐವತ್ತು ಸೆಕೆಂಡು" ಎಂದಳು ಅತ್ತೆ. "ತುಟಿ ಒರೆಸ್ಕೋ, ರಕ್ತ. ಕೈಗವಸು ತೋರಿಸು."

ಅವನು ತೋರಿಸಿದ. ಅವಳು ಒಂದನ್ನು ನೋಡಿದಳು, ಇನ್ನೊಂದನ್ನು ನೋಡಿದಳು.

"ಎರಡೂ ಬಲಗೈಯವೇ."

"ಎರಡು ಇರಬೇಕು ಅಂದ್ರಿ ಅತ್ತೆ. ಯಾವ ಎರಡು ಅಂತ ಹೇಳಲಿಲ್ಲ."

"ಈಸ್ಕೊಂಡದ್ದಾ?"

"ಯಾರ ಹತ್ರ ಈಸ್ಕೊಳ್ಳಲಿ? ಗೂಟದ ಹತ್ರಾನಾ?"

ಆರ್ವಿಲ್ಲಾ ಒಂದರ ತುದಿ ಮಡಚಿ ಒಳಗಿನ ಉಣ್ಣೆ ನೋಡಿದಳು. "ಇದು ನನ್ನದು" ಎಂದು ಅದನ್ನು ಕಿತ್ತುಕೊಂಡಳು. "ಹೋದ ಮಾರ್ಚಿಂದ ಹುಡುಕ್ತಿದ್ದೆ. ನಿನ್ನ ಹೆಸರು ತಂಡಕ್ಕೆ ಬರ್ಕೋತೀನಿ. ಯಾಕೆ ಅಂತ ಕೇಳ್ಬೇಡ, ನನಗೂ ಸರಿಯಾಗಿ ಗೊತ್ತಿಲ್ಲ."

ಅಂದರೆ ರಬ್ಬರಿನದೂ ಬೀಳುತ್ತದೆ. ಕ್ವಿನ್‌ನ ತಲೆ ಮತ್ತೆ ಮೊದಲಿನಂತೆ ಗೋಜಲಾಯಿತು.

ಸೋಮವಾರ ಅವನು ಕೈಗವಸಿನ ಗೋಡೆಯ ಪಕ್ಕ ಒಂದು ಮೊಳೆ ಹೊಡೆದು, ಬಾಯಿ ಕಟ್ಟಿದ ಗೋಣಿಚೀಲ ನೇತುಹಾಕಿದ. ರೂಲನ್, "ಏನಿದು, ಆಲೂಗಡ್ಡೆ ಅಂಗಡಿನಾ?" ಎಂದ. ಮಧ್ಯಾಹ್ನ ಲಾಮರ್ ಮೇಷ್ಟ್ರು ಬಂದರು. ಉಗುರು ಚಿಗುರುತ್ತಿತ್ತು.

"ಒಂದೊಂದೇ ಜೊತೆ ಹಾಕ್ಕೊಂಡು ಆ ಚೀಲದ ಗಂಟು ಬಿಚ್ಚಿ ಮೇಷ್ಟ್ರೇ" ಎಂದ ಕ್ವಿನ್. "ಬಿಚ್ಚೋಕಾಗದ್ದನ್ನ ಗೋಡೆಗೆ ವಾಪಸ್ ಹಾಕಿ."

ಮೇಷ್ಟ್ರು ಆರು ಜೊತೆ ವಾಪಸ್ ಹಾಕಿದರು. ಏಳನೆಯದರಲ್ಲಿ ಗಂಟು ಬಿಚ್ಚಿಕೊಂಡಿತು. ಬೆರಳುಗಳನ್ನು ಮಡಚಿ ಬಿಡಿಸಿ ನೋಡಿ ಕೇಳಿದರು: "ಇದು ಬೆಚ್ಚಗಿರುತ್ತೇನಪ್ಪ?"

"ಗೊತ್ತಿಲ್ಲ ಮೇಷ್ಟ್ರೇ."

ಅವರು ಅವನ ಮುಖ ನೋಡಿ, "ಹಂಗಾದ್ರೆ ಇದನ್ನೇ ಕೊಡು" ಎಂದರು.