ಕಾಸಿಗೆ ಅಳುವವಳ ಜ್ಞಾಪಕಶಕ್ತಿ

ನನ್ನ ಹೆಸರು ರಾನ್ ಸುಫೆನ್. ಚೀನಾದ ಚೋಂಗ್‌ಚಿಂಗ್ ಊರಿನ ಸುತ್ತಮುತ್ತ ಸಾವಿನ ಮನೆಗಳಿಗೆ ಹೋಗಿ ಕಾಸಿಗೆ ಅಳುವುದು ನನ್ನ ಕಸುಬು. ಬಿಳಿ ಬಟ್ಟೆ ತೊಟ್ಟು, ಮೈಕ್ ಹಿಡಿದು, ಆ ಮನೆಯ ಮಗಳು ಅಳಬೇಕಾದ್ದನ್ನು ಅವಳ ಪರವಾಗಿ ನಾನು ಅಳುತ್ತೇನೆ. ಇಪ್ಪತ್ತೆರಡು ವರ್ಷದಲ್ಲಿ ನನ್ನಷ್ಟು ಸಲ ತಬ್ಬಲಿಯಾದವಳು ಭೂಮಿಯ ಮೇಲೆ ಇನ್ನೊಬ್ಬಳಿರಲಾರಳು.

ಹೋದ ತಿಂಗಳು ಇದ್ದಬದ್ದ ಮಾನವೂ ಹೋಯಿತು. ಒಂದು ಮನೆಯಲ್ಲಿ ಶವಪೆಟ್ಟಿಗೆಯ ಮುಂದೆ ಹೊರಳಾಡಿ, ಹಿಂದಿನ ವಾರ ಸತ್ತ ಬೇರೆ ಮುದುಕನ ಹೆಸರು ಹಿಡಿದು ಗೋಳಾಡಿಬಿಟ್ಟೆ. ಹಿರಿಮಗ ಬಂದು ಭುಜ ತಟ್ಟಿದ.

"ಅಕ್ಕ, ನೀವು ಅಳ್ತಿರೋದು ಪಕ್ಕದ ಬೀದಿಯವರಿಗೆ. ಅವರಿಗೂ ನಮ್ಮಪ್ಪಂಗೂ ಮೂವತ್ತು ವರ್ಷ ಮಾತಿರ್ಲಿಲ್ಲ."

ಸಾವಿನ ಮನೆಗಳಿಗೆ ಹೋಗುವ ನಮ್ಮ ಮೇಳದ ಯಜಮಾನ ಪೂ ಮೂರು ದಿನ ನನ್ನ ಮುಖ ನೋಡಲಿಲ್ಲ. ನಾಲ್ಕನೆಯ ದಿನ, "ರಾನ್ ಅಕ್ಕ, ಜ್ಞಾಪಕ ಸರಿಯಿದೆ ಅಂತ ಯಾರ ಕೈಲಾದ್ರೂ ಬರೆಸ್ಕೊಂಡು ಬಾ. ಇಲ್ಲಾಂದ್ರೆ ಮೈಕ್ ನನ್ನ ನಾದಿನಿಗೆ" ಎಂದ. ಆ ನಾದಿನಿಯೋ, ಈರುಳ್ಳಿ ಹೆಚ್ಚಿದರೂ ಅಳುವವಳಲ್ಲ. ಆದರೆ ನನಗೆ ಅಳುವುದೊಂದು ಬಿಟ್ಟು ಬೇರೇನು ಬರುತ್ತದೆ?

ವಿಶ್ವವಿದ್ಯಾಲಯದಲ್ಲಿ ಅರವತ್ತು ದಾಟಿದವರ ಜ್ಞಾಪಕ ಪರೀಕ್ಷಿಸುತ್ತಾರೆ, ಒಂದು ಡಬ್ಬ ಅಡುಗೆ ಎಣ್ಣೆಯನ್ನೂ ಕೊಡುತ್ತಾರೆ ಎಂದು ತಿಳಿದು ಓಡಿದೆ. ಪರದೆಯ ಮೇಲೆ ಒಂದೊಂದೇ ಪದ ಬಂತು. ಆಮೇಲೆ ಅವುಗಳಿಗೆ ಹೊಸ ಪದ ಬೆರೆಸಿ ತೋರಿಸಿದರು. ಮೊದಲು ನೋಡಿದ್ದಾದರೆ ಕೆಂಪು ಗುಂಡಿ, ಇಲ್ಲದಿದ್ದರೆ ಹಸಿರು. ನಾನು ದೊಡ್ಡ ಪಂಡಿತೆಯ ಹಾಗೆ ಟಕಟಕ ಒತ್ತಿದೆ.

ಪರೀಕ್ಷೆ ನಡೆಸಿದ ಹುಡುಗಿ ತಲೆ ಕೆರೆದುಕೊಂಡಳು. "ಚಿಕ್ಕಮ್ಮ, ಏಣಿ, ಕಾಗದ, ಕಿಟಕಿ, ಇಂಥದ್ರಲ್ಲಿ ಒಂದೂ ತಪ್ಪಿಲ್ಲ. ಆದ್ರೆ ದುಃಖದ ಪದ ಯಾವ್ದು ಬಂದ್ರೂ ನೋಡಿದೀನಿ ಅಂತ ಒತ್ತಿದೀರಿ. ಅದ್ರಲ್ಲಿ ಅರ್ಧ ನಾವು ತೋರಿಸೇ ಇಲ್ಲ."

"ನೀವು ತೋರಿಸದೇ ಇರಬಹುದು ಮಗಳೇ. ನಾನು ಇಪ್ಪತ್ತೆರಡು ವರ್ಷದಿಂದ ನೋಡ್ತಾನೇ ಇದೀನಿ."

ಅವಳು ನಕ್ಕಳು. "ತುಂಬಾ ಜನಕ್ಕೆ ಹೀಗಾಗತ್ತೆ. ಮನಸ್ಸಿಗೆ ತಟ್ಟೋ ಪದ ಮೊದಲೇ ನೋಡಿದ ಹಾಗನ್ಸತ್ತೆ. ಆದ್ರೆ ಇದು ಆಸ್ಪತ್ರೆ ಅಲ್ಲ, ಬರೆದುಕೊಡೋಕೆ ಆಗಲ್ಲ."

ಎಣ್ಣೆ ಡಬ್ಬ ಹೊತ್ತು ಬಸ್ಸು ಹತ್ತಿದೆ. ನನಗೆ ನಾಚಿಕೆಯಾಯಿತು. ಅಯ್ಯೋ, ಅಗಲಿಕೆ, ಅನಾಥೆ ಎಂದು ಎಲ್ಲ ಮನೆಯಲ್ಲೂ ಅದನ್ನೇ ಅರೆದಿದ್ದೆ. ಯಾವ ಹೆಣ ಯಾವುದೆಂದು ನೆನಪಿರುವುದಾದರೂ ಹೇಗೆ?

"ಬರೆಸ್ಕೊಂಡು ಬರದಿದ್ರೂ ಇದೊಂದು ಮನೆ ನೋಡ್ತೀನಿ. ಹೆಸರು ತಪ್ಪಿದ್ರೆ ಮುಗೀತು" ಎಂದ ಪೂ. ಸತ್ತಿದ್ದು ಹೌ ಮನೆತನದ ಮುದುಕಿ. ಒಬ್ಬಳೇ ಮಗಳು ಬಂದವರಿಗೆ ಟೀ ಕೊಡುತ್ತ, ಕುರ್ಚಿ ಹಾಕಿಸುತ್ತ ಓಡಾಡುತ್ತಿದ್ದಳು. ಕಣ್ಣಲ್ಲಿ ಹನಿ ನೀರಿಲ್ಲ. ಅವಳನ್ನು ಪಕ್ಕಕ್ಕೆ ಕರೆದು, "ಅಮ್ಮನ ಅಡುಗೆಮನೇಲಿ ಏನೇನಿದೆ ಹೇಳಮ್ಮ" ಎಂದೆ. ಅವಳು ನನ್ನನ್ನು ಹುಚ್ಚಿಯನ್ನು ನೋಡುವ ಹಾಗೆ ನೋಡಿ ಹೇಳಿದಳು.

ಮೈಕ್ ಹಿಡಿದೆ. ಅಗಲಿಕೆಯ ಸುದ್ದಿಯೇ ಎತ್ತಲಿಲ್ಲ. ಉಪ್ಪಿನಕಾಯಿ ಜಾಡಿಗೆ ಗಾಳಿ ಹೋಗದಂತೆ ಅದರ ಅಂಚಿನ ತೋಡಿಗೆ ಇನ್ನು ನೀರು ತುಂಬುವವರು ಯಾರು ಎಂದು ಅತ್ತೆ. ಹಿಡಿಗೆ ಬಟ್ಟೆ ಸುತ್ತಿದ ಆ ಕತ್ತಿ ಬೇರೆ ಯಾರ ಕೈಗೆ ಒಗ್ಗೀತು ಎಂದು ಅತ್ತೆ. ಇನ್ನು ಹೆಸರು ಹಿಡಿದು ಕರೆಯಬೇಕು. ಬಾಯಿ ತೆರೆದೆ. ಹೆಸರು ಮರೆತುಹೋಗಿತ್ತು.

ಪೂ ಹಲ್ಲು ಕಚ್ಚಿ ನನ್ನ ಕಡೆ ನಡೆದುಬಂದ. ಅಷ್ಟರಲ್ಲಿ ಹಿಂದಿನಿಂದ "ಅಮ್ಮಾ" ಎಂಬ ಕೂಗು ಬಂತು. ಮಗಳು ಟೀ ತಟ್ಟೆಯನ್ನು ನೆಲಕ್ಕಿಟ್ಟು, ಪೆಟ್ಟಿಗೆ ತಬ್ಬಿ ಬಿಕ್ಕುತ್ತಿದ್ದಳು.

ಪೂ ನಿಂತಲ್ಲೇ ನಿಂತ. ನಾನೇ ಮೈಕ್ ಆರಿಸಿದೆ. ಅಲ್ಲಿ ಇನ್ನು ನನ್ನ ಕೆಲಸವಿರಲಿಲ್ಲ.